ಮೇಶೋಮಶಾಯರ ಲೆಕ್ಕದ ಪುಸ್ತಕ

ನಮ್ಮ ಸಂಘದ ವಾರ್ಷಿಕ ವನವಿಹಾರಕ್ಕೆ ಈಚೆಗೆ ಬರುವ ಹುಡುಗರ ಬೆನ್ನುಗಳನ್ನು ಓದುವುದು ನನಗೊಂದು ಹವ್ಯಾಸವಾಗಿದೆ. ಒಬ್ಬನ ಬೆನ್ನ ಮೇಲೆ ಬಾರ್ಸಿಲೋನಾ, ಇನ್ನೊಬ್ಬನದು ಮ್ಯಾಂಚೆಸ್ಟರ್, ಮತ್ತೊಬ್ಬನದು ಮ್ಯಾಡ್ರಿಡ್. ಡೊಂಬಿವಲಿಯಲ್ಲಿ ಹುಟ್ಟಿ ಮುಲುಂದಿನಲ್ಲಿ ಓದುವ ಈ ಮಕ್ಕಳು ಸ್ಪೇನಿನ ಒಂದು ಊರು ಸೋತರೆ ರಾತ್ರಿ ಊಟ ಬಿಡುತ್ತಾರಂತೆ. ಅವರ ಅಪ್ಪಂದಿರು ಇದನ್ನು ಹುಚ್ಚು ಎನ್ನುತ್ತಾರೆ. ನಾನು ಮಾತ್ರ ಸುಮ್ಮನಿರುತ್ತೇನೆ. ಯಾಕೆಂದರೆ, "ಅಜ್ಜಾ, ನಿಮ್ಮ ಟೀಮ್ ಯಾವುದು?" ಎಂದು ಯಾರಾದರೂ ಕೇಳಿದರೆ, ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿ ಮಾಟುಂಗಾದಲ್ಲಿ ಮುದುಕನಾದ ನಾನು ಕೊಡಬೇಕಾದ ಉತ್ತರ: ಈಸ್ಟ್ ಬೆಂಗಾಲ್.

ಇದು ಹೇಗಾಯಿತು ಎಂದು ಬರೆಯಿರಿ ಎಂದು ಸಂಪಾದಕರು ಬಹಳ ದಿನದಿಂದ ಬೆನ್ನು ಹತ್ತಿದ್ದರು. ಬ್ಯಾಂಕಿನವನ ಬರಹ, ಅಂಕಿ ಅಂಶ ಹೆಚ್ಚಾದೀತು, ವಾಚಕರು ಸಹಿಸಿಕೊಳ್ಳಬೇಕು.

1973ರ ಜೂನಿನಲ್ಲಿ ನನ್ನನ್ನು ಮುಂಬಯಿಯಿಂದ ಕಲ್ಕತ್ತೆಗೆ ವರ್ಗ ಮಾಡಿದರು. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಆ ಕಾಲದಲ್ಲಿ ಕಲ್ಕತ್ತೆಯ ವರ್ಗವೆಂದರೆ ಶಿಕ್ಷೆ ಎಂದೇ ಎಲ್ಲರ ಭಾವನೆ. ಬಂದ್, ಕತ್ತಲೆ, ಮೀನಿನ ವಾಸನೆ ಎಂದು ಹೆದರಿಸಿದವರೇ ಹೆಚ್ಚು. ಜಾದವಪುರದ ಕಡೆ, ನಿರಾಶ್ರಿತರು ತಾವೇ ಕಟ್ಟಿಕೊಂಡ ಕಾಲನಿಯೊಂದರಲ್ಲಿ, ಒಂದು ಕೋಣೆ ಮತ್ತು ಒಂದು ಅಡಿಗೆಮನೆ ಬಾಡಿಗೆಗೆ ಸಿಕ್ಕಿತು. ಮನೆಯ ಯಜಮಾನರು ನಿವೃತ್ತಿಗೆ ಹತ್ತಿರವಾಗಿದ್ದ ಗಣಿತದ ಮೇಷ್ಟರು. ಢಾಕಾದ ಬಳಿಯ ಬಿಕ್ರಂಪುರದವರು. 1948ರಲ್ಲಿ ಮನೆ, ತೋಟ, ಕೊಳ ಎಲ್ಲವನ್ನೂ ಬಿಟ್ಟು, ಹೆಂಡತಿ ಮತ್ತು ಎರಡು ಟ್ರಂಕುಗಳೊಡನೆ ಸಿಯಾಲದಾ ಸ್ಟೇಷನ್ನಿನಲ್ಲಿ ಇಳಿದವರು. ನಾವು ಅವರನ್ನು ಮೇಶೋಮಶಾಯ್ ಎನ್ನುತ್ತಿದ್ದೆವು, ಚಿಕ್ಕಪ್ಪ ಎಂದಂತೆ. ಅವರ ಹೆಂಡತಿ ಮಾಶಿಮಾ. ನಾನು ಅವರಿಗೆ ಬ್ಯಾಂಕ್‌ಬಾಬು.

ಹೋದ ಎರಡನೆಯ ವಾರವೇ ಒಂದು ಸಂಜೆ ಮನೆಯೆಲ್ಲ ಮೀನಿನ ಘಾಟು ತುಂಬಿತು. ನನ್ನಾಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಲ್ರೀ, ಇವತ್ತೇನು ಇವರ ಮನಿಯೊಳಗ ಹಬ್ಬ ಅದ ಏನು?" ಎಂದು ಕೇಳಿದಳು. ಹಬ್ಬವೇ ಆಗಿತ್ತು. ಈಸ್ಟ್ ಬೆಂಗಾಲ್ ಗೆದ್ದಿತ್ತು. ಆ ತಂಡ ಗೆದ್ದ ದಿನ ಪೂರ್ವ ಬಂಗಾಳದ ಮನೆಗಳಲ್ಲಿ ಇಲೀಷ್ ಮೀನು, ಮೋಹನ್ ಬಗಾನ್ ಗೆದ್ದ ದಿನ ಪಶ್ಚಿಮದವರ ಮನೆಗಳಲ್ಲಿ ಸಿಗಡಿ. ಪೇಟೆಯಲ್ಲಿ ಆಯಾ ಮೀನಿನ ಬೆಲೆಯೂ ಏರುತ್ತದೆ. ನಾವು ಹೋದದ್ದು ಎಂಥ ಕಾಲಕ್ಕೆ ಎಂದರೆ, ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಆರು ವರ್ಷ ಬಿಡದೆ ಕಲ್ಕತ್ತಾ ಲೀಗ್ ಗೆದ್ದ ಕಾಲ. 1972ರಿಂದ 1975ರವರೆಗೆ ನಾಲ್ಕು ಸಲ ಸತತವಾಗಿ ಐ.ಎಫ್.ಎ. ಶೀಲ್ಡ್ ಕೂಡ ಅವರದೇ. ವಾರಕ್ಕೆರಡು ಸಲ ಆ ಘಾಟು. ಮಡಿ ಹುಡಿಯಲ್ಲಿ ಬೆಳೆದ ನನ್ನಾಕೆ ಪಂದ್ಯದ ದಿನ ದೇವರ ಮುಂದೆ ನಿಂತು, ಗೆಲುವೂ ಬೇಡ ಸೋಲೂ ಬೇಡ, ಸಮ ಆಗಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಆ ಊರಿನಲ್ಲಿ ಘೋಟಿ ಎಂದರೆ ಪಶ್ಚಿಮ ಬಂಗಾಳದ ಮೂಲನಿವಾಸಿ, ಬಾಂಗಾಲ್ ಎಂದರೆ ಪದ್ಮಾ ನದಿಯ ಆಚೆಯಿಂದ ಬಂದವನು. ನಮ್ಮಲ್ಲಿ ಬಯಲುಸೀಮೆಯವರೂ ಕರಾವಳಿಯವರೂ ಒಬ್ಬರ ಮಾತನ್ನೊಬ್ಬರು ಅಣಕಿಸುವಂತೆ ಅವರೂ ಅಣಕಿಸಿಕೊಳ್ಳುತ್ತಾರೆ. ಕ್ಲಬ್ಬು ಹುಟ್ಟಿದ್ದೂ ಇಂಥದೇ ಒಂದು ಮುನಿಸಿನಿಂದ. 1920ರ ಜುಲೈಯಲ್ಲಿ ಜೋಡಾಬಗಾನ್ ತಂಡ ಮೋಹನ್ ಬಗಾನ್ ಎದುರು ಆಡಬೇಕಾಗಿದ್ದಾಗ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಹೊರಗಿಟ್ಟರು. ಆ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಎಷ್ಟು ಹೇಳಿದರೂ ಕೇಳಲಿಲ್ಲ. ಅವರು ಹೊರಬಿದ್ದು ಆಗಸ್ಟ್ 1ರಂದು ಹೊಸ ಕ್ಲಬ್ಬು ಕಟ್ಟಿದರು. ಕೆಂಪು ಮತ್ತು ಚಿನ್ನದ ಬಣ್ಣ, ಉರಿಯುವ ಪಂಜು ಲಾಂಛನ. ಆಗ ಅದು ಪೂರ್ವ ಜಿಲ್ಲೆಗಳಿಂದ ನೌಕರಿಗೆ, ಓದಿಗೆ ಬಂದವರ ಕ್ಲಬ್ಬು ಅಷ್ಟೇ. ಮುಂಬಯಿಯಲ್ಲಿ ನಾವು ಸಂಘ ಕಟ್ಟಿಕೊಂಡ ಹಾಗೆ. ಇಪ್ಪತ್ತೇಳು ವರ್ಷದ ಮೇಲೆ ದೇಶ ಒಡೆಯಿತು. ಆಗ ಆ ಹೆಸರಿನ ಅರ್ಥವೇ ಬದಲಾಯಿತು. ಪೂರ್ವ ಬಂಗಾಳ ಎಂಬ ಪ್ರಾಂತದ ಹೆಸರೂ ಕೆಲವು ವರ್ಷಗಳಲ್ಲಿ ಭೂಪಟದಿಂದ ಹೋಯಿತು. ಆ ಹೆಸರು ಉಳಿದದ್ದು ಒಂದು ಫುಟ್‌ಬಾಲ್ ತಂಡಕ್ಕೆ ಮಾತ್ರ.

ಮೇಶೋಮಶಾಯರ ಬಳಿ ಒಂದು ಪುಸ್ತಕವಿತ್ತು. ಉದ್ದನೆಯ, ಕೆಂಪು ಬಟ್ಟೆಯ ರಟ್ಟಿನ, ನಮ್ಮ ಕಡೆಯ ಕಿರಾಣಿ ಅಂಗಡಿಯವರು ಉದ್ರಿ ಬರೆಯುವಂಥ ಪುಸ್ತಕ. ನಾನು ಬ್ಯಾಂಕಿನವನೆಂದು ತಿಳಿದ ಕೂಡಲೇ, "ಬ್ಯಾಂಕ್‌ಬಾಬು, ಇದನ್ನೊಮ್ಮೆ ಆಡಿಟ್ ಮಾಡಿಕೊಡಿ" ಎಂದು ನನ್ನ ಮುಂದಿಟ್ಟರು. ಎಡಪುಟದ ತಲೆಯ ಮೇಲೆ "ದೇಶಿ", ಬಲಪುಟದ ಮೇಲೆ "ಬಿದೇಶಿ". ದೇಶಿ ಪುಟದಲ್ಲಿ ಊರಿನ, ನಾಡಿನ ಎದುರಾಳಿಗಳ ಮೇಲಿನ ಗೆಲುವು, ಸೋಲು, ಸಮ. ಬಿದೇಶಿ ಪುಟದಲ್ಲಿ ಹೊರದೇಶದ ತಂಡಗಳದ್ದು. ಸೋಲನ್ನೂ ಅಷ್ಟೇ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು, ಮೇಷ್ಟರಲ್ಲವೆ? ಮೂವತ್ತು ವರ್ಷ ಬ್ಯಾಂಕಿನಲ್ಲಿ ಅಂಥ ಸ್ವಚ್ಛವಾದ ಲೆಜರು ನಾನು ಕಂಡದ್ದು ಕಡಿಮೆ.

ಎಡಪುಟದ ಮೊದಲ ಸಂತೋಷ 1942. ಆ ವರ್ಷ ಮೊದಲ ಸಲ ಲೀಗ್ ಬಂತು. ಅದಕ್ಕೂ ಮೊದಲೇ ಉಳಿದವರು ಮುಂದೆ ಹೋಗಿದ್ದರು. ಮೋಹನ್ ಬಗಾನ್ 1911ರಲ್ಲೇ ಬರಿಗಾಲಿನಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಶೀಲ್ಡ್ ಎತ್ತಿತ್ತು. ಮಹಮ್ಮದನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಐದು ಲೀಗ್ ಹೊಡೆದಿತ್ತು. ಆರನೆಯದನ್ನು ಗೆದ್ದು ಆ ದಾಖಲೆಯನ್ನು ಈಸ್ಟ್ ಬೆಂಗಾಲ್ ಮುರಿದದ್ದು 1975ರಲ್ಲಿ. ನಾನು ನೋಡುನೋಡುತ್ತಿದ್ದಂತೆ.

ಪುಸ್ತಕದಲ್ಲಿ ಒಂದು ಪುಟ ಬಂತು, 1949ರದು. ಲೀಗ್, ಶೀಲ್ಡ್ ಮತ್ತು ನಮ್ಮ ಮುಂಬಯಿಯ ರೋವರ್ಸ್ ಕಪ್, ಮೂರೂ ಒಂದೇ ವರ್ಷ. ಅಂಚಿನಲ್ಲಿ ಕೆಂಪು ಶಾಯಿಯಿಂದ "ಪಂಚ ಪಾಂಡವ" ಎಂದು ಬರೆದಿತ್ತು. ಅಪ್ಪಾರಾವ್, ಅಹಮದ್ ಖಾನ್, ಧನರಾಜ್, ವೆಂಕಟೇಶ್, ಸಾಲೆಹ್: ಐದು ಜನರ ಮುನ್ನಡೆಯ ಸಾಲು. ಅವರ ಕಾಲದಲ್ಲಿ 1949, 50, 51 ಮೂರು ಶೀಲ್ಡು. 1951, 52 ಎರಡು ಡ್ಯುರಾಂಡು. ಪಾಂಡವರಲ್ಲಿ ಒಬ್ಬನಾದರೂ ಬಂಗಾಳಿಯಲ್ಲ. ಅಪ್ಪಾರಾವ್ ಆಂಧ್ರದವರು, ಸಾಲೆಹ್ ಕೇರಳದವರು. ಮೇಶೋಮಶಾಯರು ಅಹಮದ್ ಖಾನರ ಹೆಸರಿನ ಮೇಲೆ ಬೆರಳಿಟ್ಟು, "ಇವನು ನಿಮ್ಮವನು" ಎಂದರು. ಬೆಂಗಳೂರಿನ ಅಹಮದ್ ಖಾನ್! 1948 ಮತ್ತು 1952ರ ಒಲಿಂಪಿಕ್ಸ್‌ನಲ್ಲಿ ಆಡಿದವರು, ಹಾವಾಡಿಗನೆಂದು ಹೆಸರಾದವರು, ಹತ್ತು ವರ್ಷ ಆ ಕೆಂಪು ಹಳದಿ ಅಂಗಿಯಲ್ಲಿ ಚೆಂಡನ್ನು ಕಾಲಿಗೆ ಕಟ್ಟಿಕೊಂಡಂತೆ ಓಡಿದವರು. ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಒಬ್ಬ ಬಂಗಾಳಿ ಮೇಷ್ಟರ ಬಾಯಿಂದ, ಅದೂ ನನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಧಾರವಾಡದಲ್ಲಿ ನಮಗೆ ಕವಿಗಳ ಹೆಸರು ಗೊತ್ತಿತ್ತು, ಗವಾಯಿಗಳ ಹೆಸರು ಗೊತ್ತಿತ್ತು. ಕಾಲ್ಚೆಂಡಿನವರದು ಯಾರಿಗೆ ಬೇಕಾಗಿತ್ತು? ಅಹಮದ್ ಖಾನ್ 2017ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ಇಲ್ಲಿ ಸ್ವಲ್ಪ ಹಾದಿ ತಪ್ಪಿ ಒಂದು ಮಾತು. ನಮ್ಮ ಈ ಮುಂಬಯಿಯ ರೋವರ್ಸ್ ಕಪ್ಪಿನಲ್ಲಿ 1937ರಲ್ಲಿ ಬೆಂಗಳೂರ್ ಮುಸ್ಲಿಮ್ಸ್ ಎಂಬ ತಂಡ ಫೈನಲ್ ತಲುಪಿತು. ಎದುರಿಗೆ ಯಾರು? ಕಲ್ಕತ್ತೆಯನ್ನು ಆಳುತ್ತಿದ್ದ ಅದೇ ಮಹಮ್ಮದನ್ ಸ್ಪೋರ್ಟಿಂಗ್. ಬೆಂಗಳೂರಿನವರು 1-0 ಗೆದ್ದರು. ಮರುವರ್ಷ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಗೋರಾ ಪಲ್ಟನನ್ನು 3-2ರಿಂದ ಮಣಿಸಿ ಕಪ್ಪನ್ನು ಉಳಿಸಿಕೊಂಡರು. 1948ರಲ್ಲಿ ಮೋಹನ್ ಬಗಾನ್ ಮೇಲೂ ಗೆದ್ದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ಎದುರು ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ನಮ್ಮ ಕಡೆಯವರೇ. ಹಳೆಯ ಮೈಸೂರು ರಾಜ್ಯ 1946, 1952, 1967, 1968ರಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಕಾಣೆ. ಮತ್ತೆ ಅದು ಕರ್ನಾಟಕಕ್ಕೆ ಬಂದದ್ದು 2023ರಲ್ಲಿ, ದೂರದ ರಿಯಾದ್‌ನಲ್ಲಿ. ಕೂಪರೇಜ್ ಮೈದಾನದ ಪಕ್ಕದಲ್ಲಿ ಹಾದುಹೋಗುವ ನಮ್ಮವರಿಗೆ ಅಲ್ಲಿ ನಮ್ಮೂರಿನವರು ಏನು ಮಾಡಿದ್ದರೆಂದು ಯಾರೂ ಹೇಳುವುದಿಲ್ಲ. ರೋವರ್ಸ್ ಕಪ್ಪೇ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಇರಲಿ.

ಇನ್ನು ಬಲಪುಟ. ಅದರ ಮೇಲೆ ಮೇಶೋಮಶಾಯರಿಗೆ ಹೆಚ್ಚು ಅಭಿಮಾನ. ದೇಶಿ ಪುಟದಲ್ಲಿ ಮೋಹನ್ ಬಗಾನಿಗೂ ಹೇಳಿಕೊಳ್ಳುವುದಕ್ಕೆ ಬೇಕಾದಷ್ಟಿದೆ. ಬಿದೇಶಿ ಪುಟ ತಮ್ಮದೇ ಎಂಬುದು ಅವರ ವಾದ. ಮೊದಲ ನಮೂದು 1948: ಚೀನಾದ ಒಲಿಂಪಿಕ್ ತಂಡ, 2-0. 1951: ಸ್ವೀಡನ್ನಿನ ಗೋಥೆನ್‌ಬರ್ಗ್ ಕ್ಲಬ್ಬು, 1-0. 1953ರಲ್ಲಿ ರುಮೇನಿಯದ ಬುಖಾರೆಸ್ಟಿನಲ್ಲಿ ನಡೆದ ಯುವಜನ ಉತ್ಸವಕ್ಕೆ ತಂಡ ಹೋಗಿ ಆಸ್ಟ್ರಿಯದ ಗ್ರಾಜ್ ಕ್ಲಬ್ಬನ್ನು 2-0ರಿಂದ ಸೋಲಿಸಿತು. ಅಲ್ಲಿಂದ ಮಾಸ್ಕೋಗೆ ಹೋಗಿ ಟಾರ್ಪೆಡೊ ತಂಡದೊಡನೆ 3-3 ಸಮ ಮಾಡಿಕೊಂಡಿತು. 1970ರ ಸೆಪ್ಟೆಂಬರ್ 25ಕ್ಕೆ ಇಡೀ ಒಂದು ಪುಟ. ಈಡನ್ ಗಾರ್ಡನ್ಸ್‌ನಲ್ಲಿ ಶೀಲ್ಡ್ ಫೈನಲ್, ಎದುರಿಗೆ ಇರಾನಿನ ಪಾಸ್ ತೆಹರಾನ್. ಆ ಎತ್ತರದ, ಗಟ್ಟಿಮುಟ್ಟಾದ ಆಟಗಾರರ ಎದುರು ಬದಲಿಯಾಗಿ ಇಳಿದ ಪರಿಮಳ್ ಡೇ ಕೊನೆಯ ಗಳಿಗೆಯಲ್ಲಿ ಗೋಲು ಹೊಡೆದರು. 1-0. ಜನ ಕೈಯಲ್ಲಿದ್ದ ಪತ್ರಿಕೆಗಳನ್ನೇ ಪಂಜು ಮಾಡಿ ಹೊತ್ತಿಸಿದರಂತೆ. ನಾನು ಹೋದ ವರ್ಷ, 1973ರಲ್ಲಿ, ಶೀಲ್ಡ್ ಫೈನಲ್‌ನಲ್ಲಿ ಉತ್ತರ ಕೊರಿಯದ ಪ್ಯಾಂಗ್ಯಾಂಗ್ ಸಿಟಿ ತಂಡ 3-1ರಿಂದ ಸೋತಿತು. ಅದನ್ನು ನಾವೆಲ್ಲ ಮೇಶೋಮಶಾಯರ ರೇಡಿಯೊ ಮುಂದೆ ಕುಳಿತು ಕೇಳಿದೆವು. ಬಂಗಾಳಿ ಅರ್ಧವೂ ತಿಳಿಯದ ನನ್ನ ಮೈಯಲ್ಲೂ ಅಜಯ್ ಬಸು ಅವರ ವೀಕ್ಷಕ ವಿವರಣೆ ನಡುಕ ಹುಟ್ಟಿಸುತ್ತಿತ್ತು. ಅದೇ ವರ್ಷ ದೆಹಲಿಯ ಡಿ.ಸಿ.ಎಂ. ಟ್ರೋಫಿಯಲ್ಲಿ ಇನ್ನೊಂದು ಕೊರಿಯದ ತಂಡ, ಡೋಕ್ ರೋ ಗಾಂಗ್. ಫೈನಲ್ ಸಮವಾಗಿ ನಿಂತಿತು. ಮತ್ತೆ ಆಡಲು ಅವರು ಒಪ್ಪಲಿಲ್ಲ. ಕಪ್ಪು ಈಸ್ಟ್ ಬೆಂಗಾಲಿಗೆ ಹೋಯಿತು. ಮೇಶೋಮಶಾಯರು ಅದನ್ನು ಗೆಲುವಿನ ಕಾಲಮ್ಮಿನಲ್ಲಿ ಬರೆಯಲಿಲ್ಲ. "ಸಮ, ಕಪ್ ನಮ್ಮದು" ಎಂದು ಬರೆದರು.

ಆಡಿಟರ್ ಎಂದು ಕರೆದ ಮೇಲೆ ನಾನೂ ನನ್ನ ಟಿಪ್ಪಣಿ ಕೊಟ್ಟೆ. ಈ ಗೆಲುವುಗಳಲ್ಲಿ ಬಹುಪಾಲು ಕಲ್ಕತ್ತೆಯ ನೆಲದಲ್ಲೇ ಬಂದವು. ಆ ಸೆಕೆ, ಆ ಕೆಸರು, ಕಿವಿ ಕಿತ್ತುಹೋಗುವ ಆ ಕೂಗು. ಪರದೇಶದವನು ಅರ್ಧ ಸೋತೇ ಮೈದಾನಕ್ಕೆ ಇಳಿಯುತ್ತಾನೆ. ಪ್ರವಾಸಕ್ಕೆ ಬರುವ ಯುರೋಪಿನ ತಂಡ ಬಿಡುವಿನ ತಿಂಗಳಲ್ಲಿ ಬರುತ್ತದೆ, ಜೀವ ಒತ್ತೆಯಿಟ್ಟು ಆಡುವುದಿಲ್ಲ. ಆದರೆ ಶೀಲ್ಡ್ ಫೈನಲ್‌ನ ತೆಹರಾನಿನವರು, ಕೊರಿಯದವರು ಹಾಗಲ್ಲ, ಕಪ್ಪಿಗಾಗಿಯೇ ಬಂದವರು. ಆ ಎರಡನ್ನೂ ಪೂರ್ತಿ ಅಂಕಕ್ಕೆ ಪಾಸು ಮಾಡಬಹುದು. ಮಿಕ್ಕದ್ದಕ್ಕೆ ಸ್ವಲ್ಪ ವಟಾವು ಹಿಡಿಯಬೇಕು. ನಾನು ಹೀಗೆಂದಾಗ ಮೇಶೋಮಶಾಯರು ಮುಖ ಸಣ್ಣ ಮಾಡಿಕೊಳ್ಳಲಿಲ್ಲ. "ಹೊರಗೆ ಹೋಗಿ ಒಂದು ಕಪ್ ತರಬೇಕು, ಅಲ್ಲವೆ?" ಎಂದು ಕೇಳಿ ಪುಸ್ತಕ ಮುಚ್ಚಿದರು.

ಆ ಪುಸ್ತಕದ ಕೊನೆಯಲ್ಲಿ ಇನ್ನೊಂದು ಪುಟ ಇತ್ತು. ಅದಕ್ಕೆ ತಲೆಬರಹವಿಲ್ಲ, ಕಾಲಮ್ಮುಗಳಿಲ್ಲ. ಎರಡೇ ನಮೂದುಗಳು, ಎರಡೂ ಈಸ್ಟ್ ಬೆಂಗಾಲಿನ ಪಂದ್ಯಗಳಲ್ಲ. ಒಂದು, 1937: ಇಂಗ್ಲೆಂಡಿನ ಇಸ್ಲಿಂಗ್ಟನ್ ಕೊರಿಂಥಿಯನ್ಸ್ ತಂಡವನ್ನು ಢಾಕಾದ ತಂಡ ಪಾಖಿ ಸೇನ್ ಹೊಡೆದ ಒಂದೇ ಗೋಲಿನಿಂದ ಸೋಲಿಸಿದ್ದು. ಆ ಪಂದ್ಯವನ್ನು ತರುಣ ಮೇಷ್ಟರು ಬಿಕ್ರಂಪುರದಿಂದ ಹೋಗಿ ಕಣ್ಣಾರೆ ನೋಡಿದ್ದರು. ಎರಡು, 1971ರ ಜುಲೈ: ನದಿಯಾ ಜಿಲ್ಲೆಯ ಕೃಷ್ಣನಗರದಲ್ಲಿ ಸ್ವಾಧೀನ್ ಬಾಂಗ್ಲಾ ಫುಟ್‌ಬಾಲ್ ತಂಡ ಆಡಿದ ಮೊದಲ ಪಂದ್ಯ, 2-2. ಬಾಂಗ್ಲಾದೇಶದ ಯುದ್ಧಕ್ಕೆ ಹಣ ಕೂಡಿಸಲು, ಹುಟ್ಟಬೇಕಾಗಿದ್ದ ದೇಶವೊಂದರ ಬಾವುಟ ಹಿಡಿದು ಆಡಿದ ತಂಡ ಅದು. ಅದಕ್ಕೂ ಅವರು ರೈಲು ಹತ್ತಿ ಹೋಗಿದ್ದರು. ಗೋಲುಗಳು ನೆನಪಿಲ್ಲ, ಬಾವುಟ ಏರಿದಾಗ ಅಕ್ಕಪಕ್ಕದವರ ಮುಖ ಮಾತ್ರ ನೆನಪಿದೆ ಎಂದರು.

"ಇದೇಕೆ ಬೇರೆ ಪುಟ?" ಎಂದು ಕೇಳಿದೆ.

"ನೀವೇ ಹೇಳಿ, ಎಲ್ಲಿ ಬರೆಯಲಿ?"

ಇಲ್ಲಿ ಒಂದು ಶಬ್ದದ ತೊಡಕಿದೆ. ಬಂಗಾಳಿಯಲ್ಲಿ "ದೇಶ" ಎಂದರೆ ನಾವು "ಊರು" ಎನ್ನುವಂತೆ. ನಿಮ್ಮ ದೇಶ ಎಲ್ಲಿ ಎಂದರೆ ನಿಮ್ಮ ಊರು ಯಾವುದು ಎಂದೇ ಅರ್ಥ. ನಾವು ಮುಂಬಯಿಯಲ್ಲಿ ಐವತ್ತು ವರ್ಷ ಇದ್ದೂ ಮೇ ತಿಂಗಳಲ್ಲಿ ಊರಿಗೆ ಹೊರಡುತ್ತೇವಲ್ಲ, ಹಾಗೆ. ಮೇಶೋಮಶಾಯರ "ದೇಶ" ಬಿಕ್ರಂಪುರ. ಅದು ಇರುವುದು ಪರದೇಶದಲ್ಲಿ. ಢಾಕಾದ ತಂಡ ದೇಶಿಯೋ, ಬಿದೇಶಿಯೋ? ಪಾಸ್‌ಪೋರ್ಟ್ ಕೇಳಿದರೆ ಒಂದು ಉತ್ತರ, ತಾಯಿಯನ್ನು ಕೇಳಿದರೆ ಇನ್ನೊಂದು. ಬ್ಯಾಂಕಿನಲ್ಲಿ ಯಾವ ಖಾತೆಗೆ ಸೇರಬೇಕೆಂದು ತೀರ್ಮಾನವಾಗದ ಹಣವನ್ನು ಸಸ್ಪೆನ್ಸ್ ಅಕೌಂಟಿನಲ್ಲಿ ಇಡುತ್ತೇವೆ ಎಂದು ನಾನು ವಿವರಿಸಿದೆ. "ಎಷ್ಟು ದಿನ ಇಡಬಹುದು?" ಎಂದರು. ವರ್ಷಾಂತ್ಯದೊಳಗೆ ತೀರಿಸಬೇಕು ಎಂಬುದು ನಿಯಮ. ಅದನ್ನು ಹೇಳುವ ಮನಸ್ಸಾಗಲಿಲ್ಲ. ಎಷ್ಟು ದಿನವಾದರೂ ಇಡಬಹುದು ಎಂದೆ.

ನನ್ನ ಊರು ರೈಲು ಹತ್ತಿದರೆ ತಲುಪಬಹುದಾದ ದೂರದಲ್ಲಿತ್ತು. ರಜೆ ಸಿಕ್ಕಿದರೆ ಹೋಗಬಹುದು, ಬೇಸರವಾದರೆ ಬರಬಹುದು. ಅಲ್ಲಿಯವರೆಗೆ ಪರಸ್ಥಳದಲ್ಲಿ ಇರುವವನು ಎಂದು ನನ್ನ ಬಗ್ಗೆ ನಾನೇ ಮರುಗುವ ಅಭ್ಯಾಸ ಇಟ್ಟುಕೊಂಡಿದ್ದೆ; ಆ ಮನೆಯಲ್ಲಿ ಅದು ತಾನಾಗಿ ಬಿಟ್ಟುಹೋಯಿತು.

1975ರ ಸೆಪ್ಟೆಂಬರ್ 30. ಶೀಲ್ಡ್ ಫೈನಲ್, ಮೋಹನ್ ಬಗಾನ್ ಎದುರು. ತರಬೇತಿ ಪಿ.ಕೆ. ಬ್ಯಾನರ್ಜಿಯವರದು. ಐದನೆಯ ನಿಮಿಷದಲ್ಲಿ ಸುರಜಿತ್ ಸೇನ್‌ಗುಪ್ತಾ ಆರಂಭಿಸಿದರು. ಶ್ಯಾಮ್ ಥಾಪಾ ಎರಡು, ರಂಜಿತ್ ಮುಖರ್ಜಿ ಒಂದು, ಶುಭಂಕರ್ ಸನ್ಯಾಲ್ ಒಂದು. 5-0. ಈ ಎರಡು ತಂಡಗಳ ನಡುವೆ ಅಷ್ಟು ದೊಡ್ಡ ಅಂತರ ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಕಾಲನಿಯಲ್ಲಿ ಮೂರನೆಯ ಗೋಲಿಗೇ ಶಂಖ ಊದಿದರು. ಐದನೆಯದಕ್ಕೆ ಮಾಶಿಮಾ ಒಲೆ ಬಿಟ್ಟು ಹೊರಗೆ ಬಂದು ನಿಂತರು. ನನ್ನಾಕೆ, ಅಷ್ಟು ಹೊತ್ತಿಗೆ ಎರಡು ತಿಂಗಳ ಬಾಣಂತಿ, ಕಿಟಕಿ ಮುಚ್ಚುವುದನ್ನು ಮರೆತು ಕೂಸನ್ನೆತ್ತಿಕೊಂಡು ನಗುತ್ತಿದ್ದಳು. ಮೋಹನ್ ಬಗಾನಿನ ಕೆಲವು ಆಟಗಾರರು ಜನರ ಕೋಪಕ್ಕೆ ಹೆದರಿ ಗಂಗೆಯಲ್ಲಿ ದೋಣಿಯ ಮೇಲೆ ರಾತ್ರಿ ಕಳೆದರೆಂದು ಇಂದಿಗೂ ಹೇಳುತ್ತಾರೆ. ಆ ರಾತ್ರಿ ಮೋಹನ್ ಬಗಾನಿನ ಒಬ್ಬ ತರುಣ ಅಭಿಮಾನಿ ಪ್ರಾಣ ಕಳೆದುಕೊಂಡ. ಮುಂದಿನ ಜನ್ಮದಲ್ಲಿ ಆಟಗಾರನಾಗಿ ಹುಟ್ಟಿ ಇದರ ಸೇಡು ತೀರಿಸಿಕೊಳ್ಳುವೆನೆಂದು ಚೀಟಿ ಬರೆದಿಟ್ಟಿದ್ದನಂತೆ. ಸುದ್ದಿ ಬಂದಾಗ ಮೇಶೋಮಶಾಯರ ಮನೆಯಲ್ಲಿ ಮಾತು ನಿಂತಿತು. ಅವರು ಆ ತಾರೀಕಿನ ಎದುರು 5-0 ಎಂದು ಬರೆದರು. ಕೆಂಪು ಶಾಯಿ ಬಳಸಲಿಲ್ಲ. ಇಷ್ಟು ದೊಡ್ಡ ಗೆಲುವಿಗೆ ನೀಲಿ ಶಾಯಿಯೇ ಎಂದು ಮಗ ಜಗಳ ತೆಗೆದರೂ ಅವರು ಜಗ್ಗಲಿಲ್ಲ.

1976ರ ಜುಲೈಯಲ್ಲಿ ಲೀಗ್ ಪಂದ್ಯದಲ್ಲಿ ಮೋಹನ್ ಬಗಾನಿನ ಅಕ್ಬರ್ ಹದಿನೇಳನೆಯ ಸೆಕೆಂಡಿಗೆ ಗೋಲು ಹೊಡೆದ. ನಿಮಿಷವಲ್ಲ, ಸೆಕೆಂಡು. ಅದೇ ಅಕ್ಬರ್ ಸ್ವಲ್ಪ ಹಿಂದಿನವರೆಗೆ ಈಸ್ಟ್ ಬೆಂಗಾಲಿನವನು, ತರಬೇತಿದಾರ ಪಿ.ಕೆ. ಕೂಡ ಆ ಕಡೆ ಹೋಗಿದ್ದರು. ಆ ವರ್ಷ ಲೀಗ್ ಕೈತಪ್ಪಿತು. ನನಗೂ ಮುಂಬಯಿಗೆ ಮರುವರ್ಗವಾಯಿತು. ಹೊರಡುವ ದಿನ ಮಾಶಿಮಾ ನನ್ನಾಕೆಗೆ ಒಂದು ತಾಂತ್ ಸೀರೆ ಕೊಟ್ಟರು. ಕೆಂಪು, ಹಳದಿ.

ಆಮೇಲೆ ನಮ್ಮ ಸಂಬಂಧ ಇನ್‌ಲ್ಯಾಂಡ್ ಪತ್ರಗಳಲ್ಲಿ ನಡೆಯಿತು. ಮರುವರ್ಷ ಪೆಲೆ ಬಂದು ಈಡನ್‌ನಲ್ಲಿ ಆಡಿದಾಗ, ಕಾಸ್ಮೋಸ್ ತಂಡದೊಡನೆ 2-2 ಸಮ ಮಾಡಿಕೊಂಡದ್ದು ಮೋಹನ್ ಬಗಾನ್. "ಅವರ ಬಿದೇಶಿ ಪುಟವೂ ತುಂಬುತ್ತಿದೆ" ಎಂದು ಮೇಶೋಮಶಾಯರು ಬರೆದರು. ಅಸೂಯೆ ಅಕ್ಷರಗಳಲ್ಲೇ ಕಾಣುತ್ತಿತ್ತು. 1980ರ ಆಗಸ್ಟ್ 16ರಂದು ಅದೇ ಈಡನ್‌ನಲ್ಲಿ ಎರಡು ತಂಡಗಳ ಲೀಗ್ ಪಂದ್ಯದಲ್ಲಿ ಗಲಭೆಯಾಗಿ, ನೂಕುನುಗ್ಗಲಿನಲ್ಲಿ ಹದಿನಾರು ಜನ ಸತ್ತರು. ಆಮೇಲೆ ಒಂದು ವರ್ಷ ಅವರು ಪುಸ್ತಕ ಮುಟ್ಟಲಿಲ್ಲವಂತೆ. ಪುಸ್ತಕದಲ್ಲಿ ಆ ಖಾಲಿ ಈಗಲೂ ಹಾಗೇ ಇದೆ; ಮಗ ಪತ್ರಿಕೆ ನೋಡಿ ತುಂಬಿಸಬಹುದಾಗಿತ್ತು, ತುಂಬಿಸಿಲ್ಲ.

1991ರಲ್ಲಿ ಬಂದ ಪತ್ರ ಮಾತ್ರ ಬೇರೆ ಧಾಟಿಯದು. ಢಾಕಾದ ಮೊನೆಮ್ ಮುನ್ನಾ, ಶೇಖ್ ಅಸ್ಲಂ ಈಸ್ಟ್ ಬೆಂಗಾಲಿಗೆ ಆಡಲು ಬಂದಿದ್ದರು. ಮುನ್ನಾ ರಕ್ಷಣೆಯ ಆಟಗಾರ. ಕಲ್ಕತ್ತೆ ಅವನನ್ನು ಹೊತ್ತು ಮೆರೆಸಿತು. ಆ ವರ್ಷ ಲೀಗೂ ಬಂತು. ಎಪ್ಪತ್ತು ದಾಟಿದ್ದ ಮೇಶೋಮಶಾಯರು ಕೋಲೂರಿಕೊಂಡು ಅಭ್ಯಾಸದ ಮೈದಾನಕ್ಕೆ ಹೋಗಿ, ಮುನ್ನಾನ ಕೈಹಿಡಿದು ತಮ್ಮ ಊರಿನ ಮಾತಿನಲ್ಲಿ ಎರಡು ಮಾತಾಡಿ ಬಂದರಂತೆ. ತಲೆಬರಹವಿಲ್ಲದ ಪುಟಕ್ಕೆ ಆ ಎರಡು ಹೆಸರು ಸೇರಿದವು. ಮುನ್ನಾ 2005ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ.

1993ರಲ್ಲಿ ನನ್ನ ಸರದಿ. ಏಷ್ಯನ್ ಕಪ್ ವಿನ್ನರ್ಸ್ ಕಪ್ಪಿನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಬಡಿಯಿತು. ಹ್ಯಾಟ್ರಿಕ್ ಹೊಡೆದವನು ಬೆಂಗಳೂರಿನ ಹುಡುಗ ಕಾರ್ಲ್‌ಟನ್ ಚಾಪ್‌ಮನ್. ಅಹಮದ್ ಖಾನರ ನಂತರ ಮತ್ತೊಬ್ಬ ನಿಮ್ಮವನು ಎಂದು ಪತ್ರ ಬಂತು. ಅದೇ ಚಾಪ್‌ಮನ್ ಮುಂದೆ ನಾಯಕನಾಗಿ 2001ರಲ್ಲಿ ಕ್ಲಬ್ಬಿಗೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟ. 2020ರಲ್ಲಿ ಬೆಂಗಳೂರಿನಲ್ಲಿ ಹಠಾತ್ತಾಗಿ ಹೋದ. 1997ರ ಜುಲೈ 13ರಂದು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಮುಂದೆ ಭೈಚುಂಗ್ ಭುಟಿಯಾ ಮೂರು ಹೊಡೆದು ಮೋಹನ್ ಬಗಾನನ್ನು 4-1ರಿಂದ ಮುಳುಗಿಸಿದ್ದು ಮೇಶೋಮಶಾಯರು ತಮ್ಮ ಕೈಯಿಂದ ಬರೆದ ಕೊನೆಯ ದೊಡ್ಡ ನಮೂದು. ಮರುವರ್ಷ ಅವರು ತೀರಿಕೊಂಡರು. ಬಿಕ್ರಂಪುರವನ್ನು ಅವರು ಮತ್ತೆ ನೋಡಲಿಲ್ಲ.

ಹೊರಗಿನ ಕಪ್ಪು ಬಂದದ್ದು 2003ರ ಜುಲೈ 26ರಂದು, ಇಂಡೊನೇಷ್ಯದ ಜಕಾರ್ತಾದಲ್ಲಿ. ಆಸಿಯಾನ್ ದೇಶಗಳ ಕ್ಲಬ್ ಚಾಂಪಿಯನ್‌ಷಿಪ್. ಮೊದಲ ಪಂದ್ಯದಲ್ಲಿ ಥೈಲೆಂಡಿನ ಬೆಕ್ ತೆರೊ ಸಾಸನ ಎದುರು 1-0 ಸೋಲು. ಆಮೇಲೆ ಫಿಲಿಪೈನ್ಸ್ ಸೇನಾ ತಂಡದ ಮೇಲೆ 6-0, ಆರೂ ಭೈಚುಂಗನದೇ. ಸೆಮಿಫೈನಲ್ ಪೆನಾಲ್ಟಿಯಲ್ಲಿ 7-6. ಫೈನಲ್‌ನಲ್ಲಿ ಅದೇ ಬೆಕ್ ತೆರೊ ಮತ್ತೆ ಎದುರು, 3-1. ಓಕೊರೊ, ಭೈಚುಂಗ್, ಗೋವೆಯ ಅಲ್ವಿಟೊ. ತರಬೇತಿದಾರ, 1973ರಲ್ಲಿ ನಾವು ರೇಡಿಯೊದಲ್ಲಿ ಹೆಸರು ಕೇಳುತ್ತಿದ್ದ ಸುಭಾಷ್ ಭೌಮಿಕ್. ಮೇಶೋಮಶಾಯರ ಮಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ, "ಬ್ಯಾಂಕ್‌ಬಾಬು, ಇದಕ್ಕೆ ವಟಾವು ಹಿಡಿಯುತ್ತೀರಾ?" ಎಂದು ಕೇಳಿದ. ಒಂದು ಪೈಸೆಯೂ ಇಲ್ಲ ಎಂದೆ.

ಅಲ್ಲಿಂದೀಚೆಗಿನದು ಬೇಗ ಹೇಳಿ ಮುಗಿಸಬಹುದು. 2004ರ ನಂತರ ರಾಷ್ಟ್ರೀಯ ಲೀಗ್ ಬರಲಿಲ್ಲ. 2010ರಿಂದ 2017ರವರೆಗೆ ಎಂಟು ಸಲ ಕಲ್ಕತ್ತಾ ಲೀಗ್ ಗೆದ್ದು ಹಳೆಯ ಆರರ ದಾಖಲೆಯನ್ನು ತಾವೇ ಮುರಿದರು, ಆದರೆ ಅಷ್ಟು ಹೊತ್ತಿಗೆ ಆ ಲೀಗಿಗೆ ಹಿಂದಿನ ಬೆಲೆ ಇರಲಿಲ್ಲ. 2013ರಲ್ಲಿ ಎ.ಎಫ್.ಸಿ. ಕಪ್ಪಿನ ಸೆಮಿಫೈನಲ್ ತಲುಪಿ ಕುವೈತ್ ಕ್ಲಬ್ಬಿನ ಕೈಯಲ್ಲಿ ಅಲ್ಲಿ 4-2, ಇಲ್ಲಿ 3-0 ಸೋತರು. 2020ರಲ್ಲಿ ಇಂಡಿಯನ್ ಸೂಪರ್ ಲೀಗಿಗೆ ಸೇರಿ ಮೊದಲ ಐದು ವರ್ಷ ಒಮ್ಮೆಯೂ ಮೊದಲ ಆರರೊಳಗೆ ನಿಲ್ಲಲಿಲ್ಲ. ಹಣ ಹಾಕುವವರು ಬಂದರು, ಹೋದರು. ಹುಡುಗರು ಮ್ಯಾಡ್ರಿಡ್ ಅಂಗಿ ತೊಡುವುದರಲ್ಲಿ ಆಶ್ಚರ್ಯವೇನಿದೆ?

2018ರ ಏಪ್ರಿಲ್‌ನಲ್ಲಿ ನನಗೊಂದು ಧರ್ಮಸಂಕಟ ಬಂತು. ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್: ಈಸ್ಟ್ ಬೆಂಗಾಲ್, ಎದುರಿಗೆ ಬೆಂಗಳೂರು ಎಫ್.ಸಿ. ಹುಟ್ಟಿ ಐದು ವರ್ಷವಾಗಿದ್ದ ಕ್ಲಬ್ಬು ಅಷ್ಟರಲ್ಲೇ ಎರಡು ಸಲ ಐ-ಲೀಗ್ ಗೆದ್ದಿತ್ತು, 2016ರಲ್ಲಿ ಎ.ಎಫ್.ಸಿ. ಕಪ್ ಫೈನಲ್‌ವರೆಗೂ ಹೋಗಿ ಇರಾಕಿನವರಿಗೆ ಒಂದೇ ಗೋಲಿನಿಂದ ಸೋತಿತ್ತು. ಮೊಮ್ಮಗ ಬೆಂಗಳೂರಿನ ನೀಲಿ ಅಂಗಿ ತೊಟ್ಟು ಟಿ.ವಿ. ಮುಂದೆ ಕುಳಿತ. ನಾನು ಎಲ್ಲಿ ಕುಳಿತುಕೊಳ್ಳಲಿ? ಈಸ್ಟ್ ಬೆಂಗಾಲ್ ಮೊದಲು ಹೊಡೆಯಿತು, ಬೆಂಗಳೂರು ನಾಲ್ಕು ತಿರುಗಿಸಿತು, ಅದರಲ್ಲಿ ಎರಡು ಸುನಿಲ್ ಛೇತ್ರಿಯದು. ಸೋತದ್ದು ನಾನೋ ಗೆದ್ದದ್ದು ನಾನೋ ತಿಳಿಯದೆ ಎದ್ದುಹೋಗಿ ಮಜ್ಜಿಗೆ ಕುಡಿದೆ. ಕಲ್ಕತ್ತೆಯ ಫೋನ್ ಬಂತು: "ಬಾಬಾ ಇದ್ದಿದ್ದರೆ ಇದನ್ನು ನಿಮ್ಮ ಸಲುವಾಗಿ ಕೊನೆಯ ಪುಟದಲ್ಲಿ ಬರೆಯುತ್ತಿದ್ದರು. ಅಲ್ಲೇ ಬರೆದಿದ್ದೇನೆ."

2024ರ ಜನವರಿ 28ರಂದು ಅದೇ ಭುವನೇಶ್ವರದಲ್ಲಿ ಒಡಿಶಾ ತಂಡವನ್ನು 3-2ರಿಂದ ಸೋಲಿಸಿ ಈಸ್ಟ್ ಬೆಂಗಾಲ್ ಸೂಪರ್ ಕಪ್ ಗೆದ್ದಿತು. ಹನ್ನೆರಡು ವರ್ಷದ ಮೇಲೆ ಬಂದ ರಾಷ್ಟ್ರಮಟ್ಟದ ಕಪ್ಪು. ಮೇಶೋಮಶಾಯರ ಮಗನೂ ಈಗ ನಿವೃತ್ತ. ಹಳೆಯ ಪುಸ್ತಕದಲ್ಲಿ ಜಾಗ ಮುಗಿದಿದೆಯೆಂದೂ, ಕಾಲೇಜ್ ಸ್ಟ್ರೀಟಿಗೆ ಹೋಗಿ ಅಂಥದೇ ಕೆಂಪು ರಟ್ಟಿನದು ಹುಡುಕಿ ತಂದಿರುವೆನೆಂದೂ ಹೇಳಿದ. ಎಡಪುಟ, ಬಲಪುಟ ಗೆರೆ ಹಾಕಿಯಾಗಿದೆ. ಕೊನೆಯ ಪುಟಕ್ಕೆ ಏನು ತಲೆಬರಹ ಕೊಡಲಿ ಎಂದು ನನ್ನನ್ನೇ ಕೇಳಿದ. ಏನೂ ಬರೆಯಬೇಡ, ಬಾಬಾ ಬಿಟ್ಟ ಹಾಗೆ ಬಿಡು ಎಂದೆ.

ಅಡಿಗೆಮನೆಯಿಂದ ನನ್ನಾಕೆ ಕೇಳಿದಳು: "ಅಲ್ರೀ, ಇಲೀಷ್ ತಂದ್ರಂತೇನು?"

ವಿಚಾರಿಸಿದೆ. ಸರಸ್ವತಿ ಪೂಜೆ ಆಗುವವರೆಗೆ ಅವರ ಮನೆಯಲ್ಲಿ ಇಲೀಷ್ ಮುಟ್ಟುವ ಪದ್ಧತಿ ಇಲ್ಲವಂತೆ. ಪೂಜೆ ಫೆಬ್ರವರಿ 14ಕ್ಕೆ. ಅಂದು ತರುತ್ತಾರಂತೆ.